ಕಪ್ಪತಗುಡ್ಡಕ್ಕೆ ಖಾಕಿ ಹಾಕದ ಮೇಷ್ಟ್ರು ಬೇಕು

ನಮಸ್ಕಾರ. ಬೇಸಿಗೆಯ ರಾತ್ರಿ ಗದಗದಿಂದ ಮುಂಡರಗಿ ಕಡೆ ಹೋದವರಿಗೆ ಈ ನೋಟ ಗೊತ್ತು. ಕಪ್ಪತಗುಡ್ಡದ ಮೈಮೇಲೆ ಉದ್ದಕ್ಕೂ ಕೆಂಪು ಗೆರೆ. ದೂರದಿಂದ ಥೇಟ್ ದೀಪದ ಸಾಲು. ಬಸ್ಸಿನಲ್ಲಿ ಎಲ್ಲರೂ ಮೊಬೈಲ್ ತೆಗೆದು ಸ್ಟೇಟಸ್ ಹಾಕುತ್ತಾರೆ. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಕಾಡ್ಗಿಚ್ಚು ಅಂದಾಗ ಬಿದಿರಿಗೆ ಬಿದಿರು ಉಜ್ಜಿದ ಕಥೆ ನೆನಪಾಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಯಾರೋ ಬೀಡಿ ಎಸೆದಿರುತ್ತಾರೆ. ಯಾರೋ ಬದುವಿನ ಕಸಕ್ಕೆ ಕಡ್ಡಿ ಗೀರಿರುತ್ತಾರೆ. ಕೆಲವರು ಹೊಸ ಹುಲ್ಲು ಬರಲಿ ಅಂತ ಬೇಕಂತಲೇ ಹಚ್ಚುತ್ತಾರೆ. ಆಳೆತ್ತರದ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಗಾಳಿ ಎಷ್ಟು ಅಂತ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದರೇ ಗೊತ್ತಾಗುತ್ತದೆ.

ಒಮ್ಮೆ ಡಂಬಳದ ಹತ್ತಿರ ಕುರಿ ಕಾಯುವ ಅಜ್ಜಾರೊಬ್ಬರ ಜೊತೆ ಮಾತಾಡಿದೆ. "ಸುಟ್ರ ಚಿಗುರು ಚಲೋ ಬರ್ತೈತ್ರಿ. ನಮ್ಮಪ್ಪನೂ ಹಂಗ ಮಾಡ್ತಿದ್ದ" ಅಂದರು. ಚಿಗುರು ಬರುವುದು ನಿಜ. ಆದರೆ ಸುಟ್ಟ ಇಳಿಜಾರು ಬೋಳಾಗಿರುತ್ತದೆ. ಮೊದಲ ಜೋರು ಮಳೆಗೆ ಬೂದಿಯ ಜೊತೆ ಮೇಲಿನ ಮಣ್ಣೂ ಹಳ್ಳ ಸೇರುತ್ತದೆ. ಎಳೆ ಸಸಿಗಳು ಸಾಯುತ್ತವೆ. ವರ್ಷ ವರ್ಷ ಸುಟ್ಟರೆ ಬೆಂಕಿಗೆ ಬಗ್ಗದ ಒರಟು ಹುಲ್ಲೇ ಜಾಸ್ತಿಯಾಗುತ್ತದೆ. ಕಡೆಗೆ ಕುರಿಗೇ ನಷ್ಟ. ಇಷ್ಟೆಲ್ಲ ಹೇಳಿದೆ. ಅಜ್ಜಾರು ಸಮಾಧಾನದಿಂದ ಕೇಳಿ, "ಹಂಗಾರ ಈ ಬ್ಯಾಸಗಿಗೆ ಏನ್ ಮೇಯಿಸ್ಲಿ?" ಅಂದರು. ನಾನು ಸುಮ್ನೆ ನಿಂತೆ.

ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಮೇಷ್ಟ್ರನ್ನು ಸರ್ಕಾರ ದುಡ್ಡು ಕೊಟ್ಟು ನೇಮಿಸಲಿ, ತರಬೇತಿ ಕೊಡಲಿ. ನಾನು ಕೇಳುವುದು ಇಷ್ಟೇ.

ದುಡ್ಡಿಗೆ ದಾರಿ ಇಲ್ಲ ಅಂತಲ್ಲ. ಕಾಡಿನ ಬೆಂಕಿ ತಡೆಯುವುದಕ್ಕೇ 2017-18ರಿಂದ ಕೇಂದ್ರದ ಒಂದು ಯೋಜನೆ ಇದೆ. ನಮ್ಮಂಥ ರಾಜ್ಯಗಳಿಗೆ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ ಬೇಕು, ಕಾಡು ಕಾಯುವ ವಾಚರ್‌ಗಳೂ ಬೇಕು. ಉಪಗ್ರಹ ನೋಡಿ ಮೊಬೈಲ್‌ಗೆ ಸಂದೇಶ ಕಳಿಸುವ ವ್ಯವಸ್ಥೆಯೂ ಒಳ್ಳೆಯದೇ. ಆದರೆ ಉಪಗ್ರಹಕ್ಕೆ ಕಾಣುವುದು ಬೆಂಕಿ ಹತ್ತಿದ ಮೇಲೆ. ಕಡ್ಡಿ ಇನ್ನೂ ಪೆಟ್ಟಿಗೆಯಲ್ಲಿರುವಾಗ ಮಾತಾಡುವವರು ಯಾರು?

ಜಾಗೃತಿ ಕಾರ್ಯಕ್ರಮ ಒಂದನ್ನು ನಾನೂ ನೋಡಿದ್ದೇನೆ. ಬ್ಯಾನರ್, ಭಾಷಣ, ಫೋಟೊ, ಉಪ್ಪಿಟ್ಟು. ಕೇಳಿದವರು ಶಾಲೆಯ ಮಕ್ಕಳು. ಕುರಿ ಕಾಯುವವರು ಆ ಹೊತ್ತಿಗೆ ಗುಡ್ಡದಲ್ಲಿದ್ದರು! ಉಪ್ಪಿಟ್ಟು ಚೆನ್ನಾಗಿತ್ತು ಬಿಡಿ.

ಇನ್ನೊಂದು ಮಾತು. 2019ರಲ್ಲಿ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅಲ್ಲಿ ಬೆಂಕಿ ಹಚ್ಚುವುದು ಅಪರಾಧ. ಕಾನೂನು ಸರಿಯೇ ಇದೆ. ಆದರೆ ಕೇಸಿನ ಭಯ ಇರುವವನು ಹೊಗೆ ಕಂಡರೂ ಫೋನ್ ಮಾಡುವುದಿಲ್ಲ, ಕುರಿ ಹೊಡೆದುಕೊಂಡು ಜಾಗ ಖಾಲಿ ಮಾಡುತ್ತಾನೆ. ಅದಕ್ಕೇ ಈ ಮೇಷ್ಟ್ರು ಖಾಕಿಯವರಾಗಬಾರದು ಅನ್ನುವುದು. ಡೋಣಿ, ಡಂಬಳ, ಕಡಕೋಳದ ಹುಡುಗ ಹುಡುಗಿಯರೇ ಆಗಲಿ. ಕುರಿ ಯಾವಾಗ ಯಾವ ದಾರಿಯಲ್ಲಿ ಬರುತ್ತದೆ ಅಂತ ಅವರಿಗೆ ಗೊತ್ತು. ಮೇವು ಎಲ್ಲಿ ಸಿಗುತ್ತದೆ, ಒಣಗುವ ಮೊದಲೇ ಹುಲ್ಲು ಕೊಯ್ದು ಬಣವೆ ಒಟ್ಟುವುದು ಹೇಗೆ, ಬದುವಿನ ಕಸ ಸುಡಲೇಬೇಕಾದರೆ ಯಾವ ಹೊತ್ತಿನಲ್ಲಿ ಸುಡಬೇಕು, ಇದನ್ನೆಲ್ಲ ಕಲಿಸಿ ಕಳಿಸಿ. ಬೇಸಿಗೆ ಮುಗಿದ ಕೂಡಲೇ ಮನೆಗೆ ಕಳಿಸಬೇಡಿ, ವರ್ಷಪೂರ್ತಿ ಸಂಬಳ ಕೊಡಿ.

ಜನವರಿಗೆಲ್ಲ ಹುಲ್ಲು ಒಣಗಿರುತ್ತದೆ. ಅರ್ಜಿ ಕರೆಯುವುದಾದರೆ ಮಳೆಗಾಲದಲ್ಲೇ ಕರೆಯಿರಿ. ಡಂಬಳದ ಅಜ್ಜಾರ ಹತ್ತಿರ ಮೊದಲ ತಂಡವನ್ನು ನಾನೇ ಕರೆದುಕೊಂಡು ಹೋಗುತ್ತೇನೆ.