ಎಲ್ಲವನ್ನೂ ಕರಗಿಸುವ ದ್ರವವನ್ನು ಯಾವುದರಲ್ಲಿ ಇಡ್ತೀರಿ?

ಎಲ್ಲರಿಗೂ ನಮಸ್ಕಾರ. ವೈಜ್ಞಾನಿಕ ಕಥೆಗಳ ರೋಲ್‌ಪ್ಲೇ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕೂಡಿ ಕಥೆ ಬೆಳೆಸುವ ಆಟ) ಆಡುವ ಗುಂಪುಗಳಲ್ಲಿ ಎಲ್ಲವನ್ನೂ ತಿಂದುಹಾಕುವ ಒಂದು ಆಸಿಡ್ ಬಂದೇ ಬರುತ್ತದೆ. ಒಂದು ಪಾತ್ರ ಅದನ್ನು ಲ್ಯಾಬಿಗೆ ತರುತ್ತದೆ, ಪ್ರಯೋಗ ಮಾಡುತ್ತದೆ, ಆಟಗಾರ ಅದರ ವರದಿ ಬರೆದು ಕೊಡುತ್ತಾನೆ. ಅದನ್ನು ಒಪ್ಪಬೇಕಾ, ತಿದ್ದಿಸಬೇಕಾ ಅಂತ ಯಾರಾದರೂ ಹೇಳಬೇಕಲ್ಲ. ನನ್ನ ಇವತ್ತಿನ ಮಾತು ಅವರಿಗೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಯಾವುದೋ ದೂರದ ಚಂದ್ರನ ಮೇಲೆ ನೀಲಿ ದ್ರವ ಸಿಕ್ಕಿದೆ. ವರದಿಯಲ್ಲಿ ಇಷ್ಟೇ ಇದೆ: "ಒಂದು ಹನಿ ಹಾಕಿದೆವು. ಬಾಹ್ಯಾಕಾಶ ಹಡಗಿನ ಉಕ್ಕಿನ ಬಾಗಿಲಲ್ಲಿ ತೂತು ಬಿತ್ತು. ಈ ದ್ರವ ಎಲ್ಲವನ್ನೂ ಕರಗಿಸುತ್ತದೆ." ಓದೋಕೆ ಜೋರಾಗಿದೆ. ಆದರೆ ಇದರಲ್ಲಿ ಬೇರೆ ಆಟಗಾರರಿಗೆ ಮಾಡೋಕೆ ಏನೂ ಉಳಿದಿಲ್ಲ, ಅಲ್ವಾ? ನನಗೆ ಇದೇ ದೊಡ್ಡ ಕೊರತೆ. ವಿಜ್ಞಾನ ತಪ್ಪಿದೆ ಅನ್ನೋದು ಆಮೇಲಿನ ಮಾತು.

ಮೊದಲು ಕೇಳಬೇಕಾದ್ದು, ಅದನ್ನು ಯಾವುದರಲ್ಲಿ ತಂದಿರಿ? ಇದು ಹಳೇ ಪ್ರಶ್ನೆ. 17ನೇ ಶತಮಾನದಲ್ಲಿ ರಸಾಯನ ವಿಜ್ಞಾನಿ ವ್ಯಾನ್ ಹೆಲ್ಮಾಂಟ್‌ನಂಥವರು ಎಲ್ಲವನ್ನೂ ಕರಗಿಸುವ 'ಅಲ್ಕಾಹೆಸ್ಟ್' ಎಂಬ ದ್ರವ ಇದೆ ಅಂತ ನಂಬಿದ್ದರು. ಹಾಗಿದ್ದರೆ ಅದು ತನ್ನ ಪಾತ್ರೆಯನ್ನೇ ಕರಗಿಸಬೇಕಲ್ಲ ಅಂತ ಯೋಹಾನ್ ಕುಂಕೆಲ್ ಎಂಬ ಇನ್ನೊಬ್ಬ ರಸಾಯನ ವಿಜ್ಞಾನಿ ಆಕ್ಷೇಪಿಸಿದ. ನಿಜವಾದ ಆಸಿಡ್‌ಗಳಿಗೆಲ್ಲ ಇಂಥ ಒಂದು ಮಿತಿ ಇದೆ. ಹೈಡ್ರೋಫ್ಲೋರಿಕ್ ಆಸಿಡ್ ಗಾಜನ್ನು ತಿನ್ನುತ್ತದೆ, ಆದರೆ ಪಾಲಿಥಿನ್ ಬಾಟಲಿಯಲ್ಲಿ ಸುಮ್ನೆ ಕೂತಿರುತ್ತದೆ. ಗಾಢವಾದ ಸಲ್ಫ್ಯೂರಿಕ್ ಆಸಿಡನ್ನು ಉಕ್ಕಿನ ಟ್ಯಾಂಕಿನಲ್ಲೇ ಇಡುತ್ತಾರೆ. ಅದಕ್ಕೆ ನೀರು ಬೆರೆತರೆ ಅದೇ ಉಕ್ಕನ್ನು ಜಾಸ್ತಿ ವೇಗವಾಗಿ ತಿನ್ನುತ್ತದೆ. ಕಾರ್ಬೋರೇನ್ ಆಸಿಡ್ ಅಂತ ಒಂದಿದೆ. ಗಾಢ ಸಲ್ಫ್ಯೂರಿಕ್ ಆಸಿಡ್‌ಗಿಂತ ಸುಮಾರು ಹತ್ತು ಲಕ್ಷ ಪಟ್ಟು ಪ್ರಬಲ, ಆದರೂ ಗಾಜಿನ ಪಾತ್ರೆಯಲ್ಲಿ ಇಡಬಹುದು. ಆಸಿಡ್ ಎಷ್ಟು ಪ್ರಬಲ ಅನ್ನೋದು ಒಂದು ವಿಷಯ, ಯಾವುದನ್ನು ತಿನ್ನುತ್ತದೆ ಅನ್ನೋದು ಬೇರೆ ವಿಷಯ. ವರದಿಯಲ್ಲಿ "ಇದು ಉಕ್ಕನ್ನು ತಿನ್ನುತ್ತದೆ, ಗಾಜಿಗೆ ಏನೂ ಮಾಡುವುದಿಲ್ಲ" ಅಂತ ಒಂದು ಸಾಲು ಸೇರಿದರೆ ಸಾಕು, ಬೇರೆ ಪಾತ್ರಗಳು ಗಾಜು ಹುಡುಕಿಕೊಂಡು ಓಡಾಡೋಕೆ ಶುರು ಮಾಡುತ್ತವೆ.

ಆಮೇಲೆ ಪ್ರಮಾಣ. ನನಗೆ ತುಂಬಾ ಇಷ್ಟದ ಜಾಗ ಇದು. ಬಾಗಿಲು 5 ಸೆಂಟಿಮೀಟರ್ ದಪ್ಪ, ತೂತು 10 ಸೆಂಟಿಮೀಟರ್ ಅಗಲ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಹೋದ ಕಬ್ಬಿಣದ ತೂಕ ಸುಮಾರು 3 ಕಿಲೋ. ಸಲ್ಫ್ಯೂರಿಕ್ ಆಸಿಡ್ ಲೆಕ್ಕದಲ್ಲಿ 56 ಗ್ರಾಂ ಕಬ್ಬಿಣಕ್ಕೆ 98 ಗ್ರಾಂ ಆಸಿಡ್ ಬೇಕು. ಅಂದರೆ ಈ ತೂತಿಗೆ 5 ಕಿಲೋಗಿಂತ ಜಾಸ್ತಿ ಆಸಿಡ್ ಖರ್ಚಾಗುತ್ತದೆ, ಅದರ ಜೊತೆಗಿನ ನೀರು ಬೇರೆ. ಒಂದು ಹನಿ ಎಲ್ಲಿಗೂ ಸಾಲದು, ಯಾಕೆಂದರೆ ಕರಗಿಸುತ್ತಾ ಕರಗಿಸುತ್ತಾ ಆಸಿಡ್ ತಾನೂ ಮುಗಿದುಹೋಗುತ್ತದೆ. ಕಥೆಯ ದ್ರವ ಸಲ್ಫ್ಯೂರಿಕ್ ಆಸಿಡ್ ಆಗಿರಬೇಕಿಲ್ಲ. ಮುಗಿಯದೇ ಮತ್ತೆ ಮತ್ತೆ ಕೆಲಸ ಮಾಡುವ ವೇಗವರ್ಧಕ ಅದರಲ್ಲಿದೆ ಅಂತ ಬರೆಯಿರಿ, ಒಪ್ಪುತ್ತೇನೆ. ಆದರೆ ಅದಕ್ಕೂ ಆಹಾರ ಎಲ್ಲಿಂದ ಬರುತ್ತದೆ ಅಂತ ಹೇಳಬೇಕು. ಗಾಳಿಯ ಆಮ್ಲಜನಕದಿಂದ ಅಂದರೆ, ಕೋಣೆಯ ಗಾಳಿ ತೆಗೆದು ಅದನ್ನು ನಿಲ್ಲಿಸುವ ದಾರಿಯೂ ಆಗಲೇ ಹುಟ್ಟಿತು.

ಕರಗಿದ್ದು ಮಾಯವಾಗುವುದಿಲ್ಲ, ಇದನ್ನು ಅನೇಕರು ಮರೆಯುತ್ತಾರೆ. 1940ರಲ್ಲಿ ನಾಜಿ ಸೇನೆ ಕೋಪನ್‌ಹೇಗನ್‌ಗೆ ನುಗ್ಗಿದಾಗ ಜಾರ್ಜ್ ಡಿ ಹೆವೆಸಿ ಎಂಬ ರಸಾಯನ ವಿಜ್ಞಾನಿ, ಮ್ಯಾಕ್ಸ್ ವಾನ್ ಲೌವೆ ಮತ್ತು ಜೇಮ್ಸ್ ಫ್ರಾಂಕ್ ಅವರ ಚಿನ್ನದ ನೊಬೆಲ್ ಪದಕಗಳನ್ನು ಅಕ್ವಾ ರೀಜಿಯಾ ಎಂಬ, ಚಿನ್ನವನ್ನೂ ಕರಗಿಸುವ ಆಸಿಡ್ ಮಿಶ್ರಣದಲ್ಲಿ ಕರಗಿಸಿ ಶೆಲ್ಫಿನ ಮೇಲೆ ಇಟ್ಟುಬಿಟ್ಟರು. ಸೈನಿಕರಿಗೆ ಅದೇನು ಅಂತ ಗೊತ್ತಾಗಲಿಲ್ಲ. ಯುದ್ಧ ಮುಗಿದ ಮೇಲೆ ಆ ದ್ರವದಿಂದ ಚಿನ್ನ ವಾಪಸ್ ತೆಗೆದು ಪದಕಗಳನ್ನು ಮತ್ತೆ ಮಾಡಿಸಿದರು. ನೀಲಿ ದ್ರವದ ವರದಿಯಲ್ಲಿ ಆ 3 ಕಿಲೋ ಕಬ್ಬಿಣ ಎಲ್ಲಿ ಹೋಯಿತು? ನೆಲದ ಮೇಲೆ ಕೆಸರಾಗಿ ಬಿದ್ದಿದೆಯಾ, ಕೊಳಾಯಿಯಲ್ಲಿ ಹರಿದಿದೆಯಾ? ಇನ್ನು ಅನಿಲ. ಆಸಿಡ್ ಮಾಮೂಲಿ ಥರದ್ದಾದರೆ ಹೈಡ್ರೋಜನ್ ಬರುತ್ತದೆ, ಇಷ್ಟು ಕಬ್ಬಿಣಕ್ಕೆ ಸುಮಾರು 1,300 ಲೀಟರ್. 4 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಶೇಕಡಾ 4 ದಾಟುತ್ತದೆ. ಹೈಡ್ರೋಜನ್ ಹೊತ್ತಿಕೊಳ್ಳೋಕೆ ಬೇಕಾದ್ದು ಅಷ್ಟೇ. ಬಾಗಿಲಿಗಿಂತ ಆ ಕೋಣೆಯ ಗಾಳಿಯೇ ಈಗ ದೊಡ್ಡ ಅಪಾಯ.

ಪ್ರಯೋಗ ಅಂದ ಮೇಲೆ ಹೋಲಿಕೆಯೂ ಬೇಕು. ಅದೇ ಉಕ್ಕಿನ ಇನ್ನೊಂದು ತುಂಡನ್ನು ಬರೀ ನೀರಲ್ಲಿ ಇಟ್ಟಿದ್ದರಾ? ಮೊದಲೂ ಆಮೇಲೂ ತೂಕ ನೋಡಿದರಾ? ಕೊರೆತದ ನಿಜವಾದ ಅಳತೆ ವರ್ಷಕ್ಕೆ ಎಷ್ಟು ಮಿಲಿಮೀಟರ್ ಅನ್ನೋದು, ಹಾಗಾಗಿ ನಿಮಿಷಕ್ಕೆ ಒಂದು ಸೆಂಟಿಮೀಟರ್ ಅಂತ ಬರೆದರೂ ಓದುವವರಿಗೆ ಮೈ ಜುಮ್ಮೆನ್ನುತ್ತದೆ. ಗುರುತ್ವ ಇಲ್ಲದ ಹಡಗಾದರೆ ಇನ್ನೊಂದು ಸ್ವಾರಸ್ಯ ಇದೆ. ಅಲ್ಲಿ ಗುಳ್ಳೆಗಳು ಮೇಲೇಳುವುದಿಲ್ಲ, ಲೋಹಕ್ಕೆ ಅಂಟಿಕೊಂಡೇ ಇದ್ದು ದ್ರವವನ್ನು ದೂರ ಇಡಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ. ನಿಜವಾದ ಅಪಾಯಕಾರಿ ಆಸಿಡ್ ತಯಾರಿಸುವ ವಿಧಾನ ವರದಿಯಲ್ಲಿ ಬೇಡ. ಕಥೆಗೆ ಅದರಿಂದ ಏನೂ ಸಿಗುವುದಿಲ್ಲ, ಓದುವವರಲ್ಲಿ ಚಿಕ್ಕವರೂ ಇರುತ್ತಾರೆ. ದ್ರವದ ಗುಣ ಬರೆಯಿರಿ, ಮಾಡುವ ಕ್ರಮ ಬಿಡಿ. ವಾಪಸ್ ಕಳಿಸುವಾಗ "ಇದು ಆಗಲ್ಲ" ಅಂತಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ, ಎರಡು ಪ್ರಶ್ನೆ ಬರೆದು ಕಳಿಸಿ. ಬರೆದವರು ಉತ್ಸಾಹದಿಂದ ಬರೆದಿರುತ್ತಾರೆ, ಆ ಉತ್ಸಾಹ ಉಳಿಯಬೇಕು.

ನೀಲಿ ದ್ರವದ ಎರಡನೇ ವರದಿ ಹೀಗೆ ಬಂತು ಅಂದುಕೊಳ್ಳಿ. ಆರು ಲೀಟರ್ ದ್ರವ, ಗಾಜಿನ ಜಾಡಿ, ನಲವತ್ತು ನಿಮಿಷ, ಅರ್ಧಕ್ಕೇ ನಿಂತ ತೂತು, ಕೋಣೆಯಲ್ಲಿ ಏರುತ್ತಿರುವ ಹೈಡ್ರೋಜನ್, ಗಾಳಿ ಹೊರಬಿಟ್ಟರೆ ಒಳಗೆ ಸಿಕ್ಕಿಕೊಂಡ ಸಹಾಯಕನಿಗೆ ಉಸಿರಿಲ್ಲ. ಇದಕ್ಕೆ ನಾನು ಒಪ್ಪಿಗೆ ಕೊಡುತ್ತೇನೆ, ಮುಂದಿನ ನಡೆಯನ್ನು ಆ ಸಹಾಯಕನ ಪಾತ್ರ ಆಡುತ್ತಿರುವವರಿಗೇ ಬಿಡುತ್ತೇನೆ.