ಒಂದು ಸಿಮ್ಮು, ನಾಲ್ಕು ಫೋನು

ಕೇಳುಗರಿಗೆಲ್ಲ ನಮಸ್ಕಾರ.

"ಸರ, ಜರಾ ಹಾಟ್‌ಸ್ಪಾಟ್ ಹಚ್ರಿ." ನಿಮ್ಮ ಫೋನಿನ ನೆಟ್ಟನ್ನು ನನ್ನ ಫೋನಿಗೂ ಹಂಚಿ ಅಂತ ಅರ್ಥ. ನಮ್ಮ ಕಡೆ ಈ ಮಾತು ಕಿವಿಗೆ ಬೀಳದ ದಿನವೇ ಇಲ್ಲ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಕೇಳಿದ್ದೇನೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಕಾಯುವಾಗ ಕೇಳಿದ್ದೇನೆ. ತೊಗರಿ ರಾಶಿಯ ದಿನಗಳಲ್ಲಿ ಹೊಲದ ಬದುವಿನ ಮೇಲೆ ಕೂತವರ ಬಾಯಲ್ಲೂ ಕೇಳಿದ್ದೇನೆ. ಕುಡಿಯಲು ನೀರು ಕೇಳಿದಷ್ಟು ಸಲೀಸಾಗಿ ಕೇಳುತ್ತಾರೆ. ಕೊಡುವವರೂ ಅಷ್ಟೇ ಸಲೀಸಾಗಿ ಕೊಡುತ್ತಾರೆ. ಈ ಗುಣ ನನಗೆ ತುಂಬಾ ಇಷ್ಟ. ಆದರೆ ಕೊಟ್ಟ ನೆಟ್ ಎಲ್ಲಿಗೆ ಹೋಗುತ್ತದೆ, ಯಾರು ಕುಡಿಯುತ್ತಾರೆ ಅನ್ನುವುದು ಗೊತ್ತಿಲ್ಲದೆ ನಾನೊಮ್ಮೆ ಒಂದು ಮಗುವಿನ ಮನಸ್ಸು ನೋಯಿಸಿದ್ದೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗಣಿತದ ಮಾಸ್ತರ. ಇದು 2020ರ ಮಾತು. ಶಾಲೆಗೆ ಬೀಗ ಬಿದ್ದಿತ್ತು. ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದ ಮೇಲೆ ನಾವು ಮಾಸ್ತರುಗಳೇ ಊರೊಳಗೆ ಹೋಗಿ, ಗುಡಿ ಕಟ್ಟೆ, ಬೇವಿನ ಗಿಡದ ನೆರಳು ಅಂತ ಸಿಕ್ಕ ಕಡೆ ಪಾಠ ಮಾಡುತ್ತಿದ್ದೆವು. ಆ ದಿನ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಹತ್ತನೇ ತರಗತಿಯ ನಾಲ್ಕು ಮಕ್ಕಳು ಕೂತಿದ್ದರು. ನಾಲ್ವರ ಕೈಯಲ್ಲೂ ಫೋನ್ ಇತ್ತು. ಫೋನ್ ಅವರದಲ್ಲ. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ, ಲಾಕ್‌ಡೌನಿನಲ್ಲಿ ಊರಿಗೆ ವಾಪಸ್ ಬಂದ ಅಪ್ಪಂದಿರದು, ಅಣ್ಣಂದಿರದು. ಕೆಲಸ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಹೀಗಾಗಿ ರಿಚಾರ್ಜ್ ಕೂಡ ಇಲ್ಲ. ನನ್ನ ಸಿಮ್ಮಿನಲ್ಲಿ ದಿನಕ್ಕೆ 1.5 ಜಿಬಿ ಬರುತ್ತಿತ್ತು. ತ್ರಿಭುಜದ ಪಾಠದ ಒಂದು ಚಿಕ್ಕ ವಿಡಿಯೋ ನೋಡಲಿ ಅಂತ ನಾಲ್ವರಿಗೂ ಹಾಟ್‌ಸ್ಪಾಟ್ ಕೊಟ್ಟೆ.

ಮುಕ್ಕಾಲು ಗಂಟೆ ಆಗಿರಲಿಲ್ಲ. ಇವತ್ತಿನ ಡೇಟಾ ಮುಗಿದಿದೆ ಅಂತ ನನ್ನ ಫೋನಿಗೆ ಮೆಸೇಜ್ ಬಂತು. ಹತ್ತು ನಿಮಿಷದ ವಿಡಿಯೋಗೆ ಒಂದೂವರೆ ಜಿಬಿ ಹೋಗಲು ಸಾಧ್ಯವಾ? ಒಬ್ಬ ಹುಡುಗಿ ತಲೆ ತಗ್ಗಿಸಿಕೊಂಡು ಫೋನನ್ನೇ ನೋಡುತ್ತಿದ್ದಳು. "ಪಾಠ ಬಿಟ್ಟು ಸಿನಿಮಾ ನೋಡಿದಿ ಏನು?" ಅಂತ ಎಲ್ಲರ ಎದುರೇ ಬೈದೆ. "ಇಲ್ರಿ ಸರ, ದೇವರಾಣಿ ನಾ ಏನೂ ನೋಡಿಲ್ರಿ" ಅಂದಳು. ನಾನು ನಂಬಲಿಲ್ಲ. ಅವಳು ಅಳುತ್ತಾ ಮನೆಗೆ ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಆ ಫೋನ್ ಈಸಿಕೊಂಡೆ. ಯಾವ ಆ್ಯಪ್ ವೈಫೈ ಮೂಲಕ ಎಷ್ಟು ಡೇಟಾ ಬಳಸಿದೆ ಅನ್ನುವ ಪಟ್ಟಿ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ತೆಗೆದು ನೋಡಿದೆ. ಎಲ್ಲಕ್ಕಿಂತ ಮೇಲೆ ಫೋಟೋ ಆ್ಯಪ್ ಇತ್ತು. ಅದರ ಕೆಳಗೆ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುವ ಪ್ಲೇ ಸ್ಟೋರ್. ಪಾಠದ ವಿಡಿಯೋ ಎಲ್ಲೋ ತಳದಲ್ಲಿ, ಚೂರೇ ಚೂರು.

ಆಗಿದ್ದು ಇಷ್ಟು. ಅವಳ ಅಣ್ಣ ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದ. ಒಂದು ವರ್ಷದ ಫೋಟೋಗಳು ಆ ಫೋನಿನಲ್ಲಿದ್ದವು. ವೈಫೈ ಸಿಕ್ಕಾಗ ಮಾತ್ರ ಫೋಟೋಗಳ ಪ್ರತಿಯನ್ನು ಇಂಟರ್ನೆಟ್ಟಿನ ಖಾತೆಗೆ ಕಳಿಸಿಡು, ಅಂದರೆ ಬ್ಯಾಕಪ್ ಮಾಡು, ವೈಫೈ ಸಿಕ್ಕಾಗ ಮಾತ್ರ ಅಪ್‌ಡೇಟ್ ಮಾಡು ಅಂತ ಆ ಫೋನಿಗೆ ಹೇಳಿಟ್ಟಿತ್ತು. ಪಾಪ, ಅದು ವರ್ಷವಿಡೀ ಕಾದಿತ್ತು. ನಾನು ಹಾಟ್‌ಸ್ಪಾಟ್ ಕೊಟ್ಟ ಕೂಡಲೇ ವೈಫೈ ಬಂತು ಅಂದುಕೊಂಡು ಎಲ್ಲವನ್ನೂ ಒಮ್ಮೆಲೇ ಶುರು ಹಚ್ಚಿಕೊಂಡಿತು. ಹುಡುಗಿ ಏನನ್ನೂ ಮುಟ್ಟಿರಲಿಲ್ಲ. ಉಳಿದ ಮೂರು ಫೋನಿನದೂ ಹೆಚ್ಚುಕಡಿಮೆ ಇದೇ ಕಥೆ.

ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾಟ್‌ಸ್ಪಾಟ್ ಆನ್ ಮಾಡಿದಾಗ ನಿಮ್ಮ ಫೋನ್ ಎರಡು ಕೆಲಸ ಮಾಡುತ್ತದೆ. ಒಂದು ಕಡೆ ಸಿಮ್ಮಿನ ಮೂಲಕ ಟವರ್‌ನಿಂದ ನೆಟ್ ತಗೊಳ್ಳುತ್ತದೆ. ಇನ್ನೊಂದು ಕಡೆ ಅದನ್ನೇ ವೈಫೈ ಮಾಡಿ ಹಂಚುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಈ ಸವಲತ್ತು 2010ರಲ್ಲಿ ಬಂತು, ಐಫೋನಿನಲ್ಲಿ 2011ರಲ್ಲಿ. ಪಡೆಯುವ ಫೋನಿಗೆ ಕಾಣುವುದು ಬರೀ ವೈಫೈ. ಅದರ ಹಿಂದೆ ಯಾರದೋ ದಿನದ ಲೆಕ್ಕದ ಡೇಟಾ ಇದೆ ಅಂತ ಅದಕ್ಕೆ ತಿಳಿಯುವುದು ಕಷ್ಟ. ಕೆಲವು ಫೋನುಗಳು ತಾವೇ ಗುರುತು ಹಿಡಿದು ಸುಮ್ನೆ ಇರುತ್ತವೆ. ಎಲ್ಲವೂ ಹಾಗಲ್ಲ. ಇನ್ನೊಂದು ಮಾತು. ಬರುವ ಡೇಟಾ ಮಾತ್ರ ಲೆಕ್ಕಕ್ಕೆ, ಕಳಿಸುವುದಕ್ಕೆ ಲೆಕ್ಕವಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಎರಡೂ ಲೆಕ್ಕಕ್ಕೆ ಬರುತ್ತವೆ.

ಹಾಗಾದರೆ ಏನು ಮಾಡಬೇಕು? ಪಡೆಯುವವರ ಫೋನಿನಲ್ಲಿ ಒಂದೇ ಒಂದು ಕೆಲಸ. ವೈಫೈ ಪಟ್ಟಿಯಲ್ಲಿ ನಿಮ್ಮ ಹಾಟ್‌ಸ್ಪಾಟಿನ ಹೆಸರು ಇರುತ್ತದಲ್ಲ, ಅದರ ಪಕ್ಕದ ಚಕ್ರದ ಗುರುತು ಒತ್ತಿ. ಒಳಗೆ ಮೀಟರ್ಡ್ ಅನ್ನುವ ಆಯ್ಕೆ ಇರುತ್ತದೆ. ಅದನ್ನ ಆರಿಸಿ. ಮೀಟರ್ಡ್ ಅಂದರೆ ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ. ಇದು ಅಳೆದು ಕೊಡುವ ನೆಟ್, ಕೈ ಬಿಗಿಹಿಡಿ ಅಂತ ಫೋನಿಗೆ ಹೇಳಿದಂತೆ. ಐಫೋನಿನಲ್ಲಿ ಇದಕ್ಕೆ ಲೋ ಡೇಟಾ ಮೋಡ್ ಅಂತಾರೆ. ಇದನ್ನ ಮಾಡಿದರೆ ಅಪ್‌ಡೇಟು, ಫೋಟೋ ಬ್ಯಾಕಪ್ಪು ಬಹುಮಟ್ಟಿಗೆ ನಿಂತುಬಿಡುತ್ತವೆ. ಒಂದು ಸಲ ಮಾಡಿದರೆ ಸಾಕು, ಆ ಹೆಸರಿನ ಹಾಟ್‌ಸ್ಪಾಟಿಗೆ ಫೋನ್ ಅದನ್ನ ನೆನಪಿಟ್ಟುಕೊಳ್ಳುತ್ತದೆ. ಇನ್ನು ಕೊಡುವವರ ಕಡೆಗೆ ಬಂದರೆ, ಕೆಲವು ಕಂಪನಿಯ ಫೋನುಗಳಲ್ಲಿ ಹಾಟ್‌ಸ್ಪಾಟಿಗೆ ಮಿತಿ ಹಾಕಬಹುದು. 300 ಎಂಬಿ ಆದ ಮೇಲೆ ನಿಲ್ಲು ಅಂದರೆ ನಿಲ್ಲುತ್ತದೆ. ನಿಮ್ಮದರಲ್ಲಿ ಇದೆಯಾ ಅಂತ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್ ಒಳಗೆ ಹೊಕ್ಕು ನೋಡಿ.

ದಿನದ ಡೇಟಾ ಮುಗಿದ ಮೇಲೂ ನೆಟ್ ಪೂರ್ತಿ ನಿಲ್ಲುವುದಿಲ್ಲ, ಅಲ್ವಾ? ಹೌದು, ಬಹಳಷ್ಟು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ ಬರೀ 8 ಕೆಬಿಗೆ ಇಳಿಯುತ್ತದೆ. ನಾನು ಗಣಿತದವನು, ಲೆಕ್ಕ ಹಾಕಿ ಹೇಳುತ್ತೇನೆ. ಆ ವೇಗದಲ್ಲಿ ಒಂದು ಎಂಬಿ ಇಳಿಯಲು ಎರಡು ನಿಮಿಷಕ್ಕಿಂತ ಜಾಸ್ತಿ ಬೇಕು. ಸ್ಕಾಲರ್‌ಶಿಪ್ ಅರ್ಜಿಗೆ ನಾಲ್ಕು ದಾಖಲೆ ಹಾಕಬೇಕಾದ ಹುಡುಗ ಕೊನೆಯ ದಿನ ರಾತ್ರಿ ಈ ವೇಗ ಹಿಡಿದು ಕೂತರೆ ಅವನ ಹೊಟ್ಟೆಯಲ್ಲಿ ಆಗುವ ಸಂಕಟ ನನಗೆ ಗೊತ್ತು. ಅವನ ಎದುರಿಗೇ ನಾನು ಕೂತಿದ್ದೆ.

ಬೀದರಿನ ನೌಬಾದ್ ಹತ್ತಿರ ಕರೇಜ್ ಇದೆ. ನೋಡದವರು ಒಮ್ಮೆ ಹೋಗಿ ನೋಡಿ. ಬಹಮನಿ ಸುಲ್ತಾನರ ಕಾಲದ, ನೆಲದೊಳಗಿನ ನೀರಿನ ಕಾಲುವೆ ಅದು. ನಡುನಡುವೆ ಬಾವಿಯಂಥ ಬಾಯಿಗಳಿವೆ. ಬಾಯಿ ಎಷ್ಟೇ ಇದ್ದರೂ ಕೆಳಗೆ ಹರಿಯುವ ನೀರು ಒಂದೇ. ಹಾಟ್‌ಸ್ಪಾಟೂ ಹಾಗೆ. ಆಂಡ್ರಾಯ್ಡ್ ಫೋನಿಗೆ ಎಂಟು ಹತ್ತು ಜನ ಕೂಡಬಹುದು. ಆದರೆ ಟವರ್‌ನಿಂದ ಬರುವುದು ಒಂದೇ ಧಾರೆ. ಒಬ್ಬ ದೊಡ್ಡ ವಿಡಿಯೋ ಹಚ್ಚಿದರೆ ಉಳಿದವರಿಗೆ ಹನಿ ಹನಿ.

ಇನ್ನು ನಮ್ಮ ಮನೆಗಳ ವಿಷಯ. ನಮ್ಮ ಭಾಗದ ಹಳೇ ಮನೆಗಳೆಂದರೆ ಕಲ್ಲಿನ ದಪ್ಪ ಗೋಡೆ, ಕೆಳಗೆ ಶಹಾಬಾದ್ ಫರ್ಸಿ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ಬಹಳ ತಂಪು. ಆದರೆ ಒಳಕೋಣೆಗೆ ಟವರ್ ಸಿಗುವುದೇ ಇಲ್ಲ. ಮಕ್ಕಳು ಫೋನ್ ಹಿಡಿದು ಮಾಳಿಗೆ ಹತ್ತುತ್ತಾರೆ. ಬಿಸಿಲಲ್ಲಿ ಕೂರುತ್ತಾರೆ. ಅದರ ಬದಲು ಹೀಗೆ ಮಾಡಿ. ಟವರ್ ಚೆನ್ನಾಗಿ ಸಿಗುವ ಕಿಟಕಿಯಲ್ಲಿ ಒಂದು ಫೋನ್ ಇಟ್ಟು ಹಾಟ್‌ಸ್ಪಾಟ್ ಹಚ್ಚಿ. ಮಕ್ಕಳು ಒಳಗೆ ನೆರಳಲ್ಲಿ ಕೂತು ಇನ್ನೊಂದು ಫೋನಿನಲ್ಲಿ ಓದಲಿ. ಮನೆಯಲ್ಲಿ ಹಳೇ ಸ್ಮಾರ್ಟ್‌ಫೋನ್ ಮೂಲೆಗೆ ಬಿದ್ದಿದ್ದರೆ ಅದಕ್ಕೆ ಸಿಮ್ ಹಾಕಿ ಈ ಕೆಲಸಕ್ಕೇ ಬಿಡಬಹುದು.

ಇಲ್ಲಿ ಒಂದು ಸಣ್ಣ ಗುಟ್ಟು ಇದೆ. ಹಾಟ್‌ಸ್ಪಾಟಿಗೆ ಎರಡು ಬಗೆಯ ಅಲೆಗಳಿವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಐದರದು ವೇಗ ಜಾಸ್ತಿ, ಆದರೆ ಗೋಡೆ ದಾಟಲು ಒದ್ದಾಡುತ್ತದೆ. 2.4ರದು ವೇಗ ಕಡಿಮೆ, ಆದರೆ ದೂರ ಹೋಗುತ್ತದೆ. ನಮ್ಮ ಕಲ್ಲು ಗೋಡೆಗೆ 2.4 ಒಳ್ಳೆಯದು. "ಸರ, ನಿಮ್ಮ ಹಾಟ್‌ಸ್ಪಾಟ್ ನನ್ನ ಫೋನಿನ್ಯಾಗ ಕಾಣವಲ್ದು" ಅಂತ ಯಾರಾದರೂ ಅಂದರೆ ಮೊದಲು ಇದನ್ನೇ ನೋಡಿ. ಹಳೆಯ, ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಅಂತ ಒಂದು ಗುಂಡಿ ಇರುತ್ತದೆ. ಅದನ್ನ ಆನ್ ಮಾಡಿದರೆ 2.4ಕ್ಕೆ ಬರುತ್ತದೆ.

ಬಿಸಿಲಿನ ಬಗ್ಗೆ ನಿಮಗೆ ನಾನೇನು ಹೇಳಲಿ. ಐಫೋನನ್ನು 35 ಡಿಗ್ರಿ ಒಳಗಿನ ವಾತಾವರಣದಲ್ಲಿ ಬಳಸಿ ಅಂತ ತಯಾರಕರೇ ಹೇಳುತ್ತಾರೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಲ್ಲೇ 40 ದಾಟುತ್ತದೆ. ಹಾಟ್‌ಸ್ಪಾಟ್ ಕೊಡುವ ಫೋನ್ ತಾನೇ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಅದನ್ನ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ದಪ್ಪ ಕವರ್ ತೆಗೆಯಿರಿ. ಚಾರ್ಜಿಗೆ ಹಾಕಿ ದಿಂಬಿನ ಕೆಳಗಂತೂ ಇಡಲೇಬೇಡಿ. ಬರೀ ಮೆಸೇಜ್ ನೋಡುವುದಿದ್ದರೆ ಬ್ಲೂಟೂತ್ ಮೂಲಕವೂ ನೆಟ್ ಕೊಡಬಹುದು. ನಿಧಾನ, ಆದರೆ ಬ್ಯಾಟರಿ ಉಳಿಯುತ್ತದೆ.

ಒಬ್ಬ ತಾಯಿ ನನ್ನನ್ನು ಕೇಳಿದರು: "ನಿಮ್ಮ ನೆಟ್ ತಗೊಂಡ್ರ ನನ್ನ ಮಗಳ ಫೋಟೋ ನಿಮಗ ಕಾಣ್ತಾವೇನ್ರಿ ಸರ?" ಕೇಳಲು ಅವರು ಎಷ್ಟು ದಿನ ಹಿಂಜರಿದಿದ್ದರೋ. ಅಮ್ಮಂದಿರೇ, ಅಕ್ಕಂದಿರೇ, ಕಾಣುವುದಿಲ್ಲ. ಹಾಟ್‌ಸ್ಪಾಟ್ ಕೊಟ್ಟ ಮಾತ್ರಕ್ಕೆ ಇನ್ನೊಬ್ಬರ ಫೋನಿನೊಳಗಿನ ಫೋಟೋ ಕಾಣುವುದಿಲ್ಲ. ವಾಟ್ಸಾಪ್ ಮಾತುಕತೆಗೆ 2016ರಿಂದ ಪೂರ್ತಿ ಬೀಗ ಇದೆ, ಕಳಿಸಿದವರು ಮತ್ತು ಪಡೆದವರು ಬಿಟ್ಟು ನಡುವಿನವರಿಗೆ ಓದಲು ಬರುವುದಿಲ್ಲ. ಆದರೆ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ನಿಮ್ಮ ಹಾಟ್‌ಸ್ಪಾಟಿಗೆ ನಿಮ್ಮ ಹೆಸರಾಗಲಿ ನಂಬರಾಗಲಿ ಇಡಬೇಡಿ. ಬಸ್ಸಿನಲ್ಲಿ ಕೂತವರೆಲ್ಲರ ಫೋನಿನಲ್ಲೂ ಆ ಹೆಸರು ಕಾಣುತ್ತದೆ. ತೊಗರಿ ಅಂತಿಡಿ, ಭೀಮಾ ಅಂತಿಡಿ. ಯಾರದು ಅಂತ ಯಾರಿಗೂ ಗೊತ್ತಾಗಬಾರದು.

ಪಾಸ್‌ವರ್ಡ್ ಇಲ್ಲದೆ ತೆರೆದಿಡುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೆ ಕಾರಣ ಜಿಪುಣತನವಲ್ಲ. ನಿಮ್ಮ ಹಾಟ್‌ಸ್ಪಾಟಿನಿಂದ ಹೊರಗೆ ಹೋದದ್ದೆಲ್ಲ ಹೊರಗಿನವರಿಗೆ ನಿಮ್ಮ ಸಿಮ್ಮಿನಿಂದಲೇ ಹೋದಂತೆ ಕಾಣುತ್ತದೆ. ಒಳಗೆ ನಾಲ್ಕು ಫೋನಿದ್ದರೂ ಹೊರಗೆ ವಿಳಾಸ ಒಂದೇ. ಯಾರೋ ಅಪರಿಚಿತ ಅದನ್ನ ಬಳಸಿ ಕೆಟ್ಟ ಕೆಲಸ ಮಾಡಿದರೆ ಮೊದಲು ವಿಚಾರಿಸುವುದು ನಿಮ್ಮನ್ನು. ಪಾಸ್‌ವರ್ಡಿಗೆ ಕಡಿಮೆ ಅಂದರೂ ಎಂಟು ಅಕ್ಷರ ಬೇಕು. ಒಂದರಿಂದ ಎಂಟರವರೆಗೆ ಸಾಲಾಗಿ ಬರೆದರೆ ಅದು ಪಾಸ್‌ವರ್ಡ್ ಅಲ್ಲ. ಕೂಗಿ ಹೇಳುವುದೂ ಬೇಡ. ಆಂಡ್ರಾಯ್ಡ್ 10ರಿಂದ ಈಚೆಗಿನ ಫೋನುಗಳಲ್ಲಿ ಕ್ಯೂಆರ್ ಕೋಡ್ ತೋರಿಸಿದರೆ ಸಾಕು, ಎದುರಿನವರು ಸ್ಕ್ಯಾನ್ ಮಾಡಿಕೊಳ್ಳುತ್ತಾರೆ. ಗುರುತಿಲ್ಲದವರಿಗೆ ಕೊಟ್ಟಿದ್ದರೆ ಆಮೇಲೆ ಪಾಸ್‌ವರ್ಡ್ ಬದಲಿಸಿ. ಬದಲಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಿರಿಯರು ಪದೇ ಪದೇ ಗಾಬರಿಯಾಗುವ ಒಂದು ವಿಷಯ ಇದೆ. ಪಿಎಂ ಕಿಸಾನ್ ಇ-ಕೆವೈಸಿ ಮಾಡಲು ಮೊಮ್ಮಗನ ಹಾಟ್‌ಸ್ಪಾಟ್ ತಗೊಂಡಿರುತ್ತಾರೆ. ಎಲ್ಲಾ ಬರುತ್ತದೆ, ಓಟಿಪಿ ಮಾತ್ರ ಬರುವುದಿಲ್ಲ. ನೆಟ್ ಇದೆಯಲ್ಲ, ಮತ್ತೆ ಯಾಕೆ ಅಂತ ಕೇಳುತ್ತಾರೆ. ಓಟಿಪಿ ಮೆಸೇಜ್ ಬರುವುದು ನಿಮ್ಮ ಸ್ವಂತ ಸಿಮ್ಮಿಗೆ, ನಿಮ್ಮ ಟವರ್ ಮೂಲಕ. ಹಾಟ್‌ಸ್ಪಾಟಿಗೂ ಅದಕ್ಕೂ ಸಂಬಂಧ ಇಲ್ಲ. ಅಂಗಳಕ್ಕೆ ಬಂದು ಟವರ್ ಸಿಗುವ ಕಡೆ ನಿಂತರೆ ಬರುತ್ತದೆ. ಬಂದ ಓಟಿಪಿಯನ್ನು, ನೆಟ್ ಕೊಟ್ಟವರೇ ಇರಲಿ, ಯಾರಿಗೂ ಓದಿ ಹೇಳಬೇಡಿ.

ಆ ಹುಡುಗಿಯ ಮಾತು ಬಾಕಿ ಇದೆ. ಅವತ್ತು ಬೆಳಿಗ್ಗೆ ಅವರ ಮನೆಯಿಂದ ಅವಳನ್ನು ಕರೆದುಕೊಂಡೇ ಗುಡಿ ಕಟ್ಟೆಗೆ ಹೋದೆ. ಎಲ್ಲರ ಎದುರು ಬೈದಿದ್ದೆ, ಎಲ್ಲರ ಎದುರೇ ಹೇಳಬೇಕಿತ್ತು. "ನಿಂದೇನೂ ತಪ್ಪಿಲ್ಲವ್ವ. ತಪ್ಪು ನಂದು. ಗೊತ್ತಿಲ್ಲದೆ ಬೈದೆ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಆ ಸೆಟ್ಟಿಂಗ್ ಎಲ್ಲಿ ಅದ ತೋರಸ್ರಿ ಸರ" ಅಂದಳು. ತೋರಿಸಿದೆ. ತನ್ನ ಫೋನಿನಲ್ಲಿ ಮಾಡಿಕೊಂಡಳು. ಉಳಿದ ಮೂವರ ಫೋನ್ ಈಸಿಕೊಂಡು ಅವುಗಳಲ್ಲೂ ಅವಳೇ ಮಾಡಿದಳು. ಆ ದಿನ ತ್ರಿಭುಜದ ವಿಡಿಯೋ ಮುಗಿಯಿತು, ವೃತ್ತದ ವಿಡಿಯೋ ಕೂಡ ಮುಗಿಯಿತು. ಸಂಜೆ ಮನೆಗೆ ಹೊರಡುವಾಗ ನನ್ನ ಸಿಮ್ಮಿನಲ್ಲಿ ಇನ್ನೂ ಅರ್ಧ ಜಿಬಿಗಿಂತ ಜಾಸ್ತಿ ಉಳಿದಿತ್ತು.

ನಮಸ್ಕಾರ.