ಟೆನ್ಷನ್ ಬರೀ ಮನಸ್ಸಲ್ಲಿರೋದಲ್ಲ, ಮೆದುಳಿನ ಪ್ರೋಟೀನ್‌ನಲ್ಲೂ ಇರುತ್ತದೆ

(ದೃಶ್ಯ: ಡೊಂಬಿವಲಿ ಸ್ಟೇಷನ್, ಬೆಳಗಿನ ರಶ್)

ನಮಸ್ಕಾರ, ಡೊಂಬಿವಲಿಯಿಂದ ಮಾತಾಡುತ್ತಿದ್ದೇನೆ.

ಹೋದ ವರ್ಷ ನಮ್ಮ ಮಾವ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದರು. ಅತ್ತೆ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಲೋಕಲ್ ಹಿಡಿದು ದಾದರ್‌ಗೆ ಹೋಗಿ, ರಾತ್ರಿ ಹತ್ತಕ್ಕೆ ವಾಪಸ್ ಬರುತ್ತಿದ್ದರು. ಮಾವ ಹುಷಾರಾಗಿ ಮನೆಗೆ ಬಂದರು. ಆದರೆ ಅತ್ತೆಗೆ ನಿದ್ದೆ ಬರಲಿಲ್ಲ. ಒಲೆ ಮೇಲೆ ಹಾಲಿಟ್ಟಿದ್ದು ಮರೆತುಹೋಗುತ್ತಿತ್ತು, ಫೋನ್ ರಿಂಗ್ ಆದರೆ ಸಾಕು ಬೆಚ್ಚಿಬೀಳುತ್ತಿದ್ದರು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಎಲ್ಲ ಮನಸ್ಸಲ್ಲಿದೆ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ." ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತಿತ್ತು, ಏಕೆಂದರೆ ಅದು ನಿಜ ಅಲ್ಲ. ಟೆನ್ಷನ್ ಮೆದುಳಿನ ಜೀವಕೋಶದ ಒಳಗೇ ಹೋಗಿ, ಅಲ್ಲಿ ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಅನ್ನೋದನ್ನೇ ಬದಲಾಯಿಸುತ್ತದೆ.

(ದೃಶ್ಯ: ಹೋಟೆಲಿನ ಅಡುಗೆಮನೆ)

ಮಾಟುಂಗಾದ ಉಡುಪಿ ಹೋಟೆಲ್ ಒಂದನ್ನು ನೆನೆಸಿಕೊಳ್ಳಿ. ಜೀವಕೋಶ ಅಂದರೆ ಅದರ ಅಡುಗೆಮನೆ. ಡಿಎನ್‌ಎ ಅಡುಗೆ ಪುಸ್ತಕ, ಅದು ನ್ಯೂಕ್ಲಿಯಸ್ ಅನ್ನೋ ಒಳಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದ ಪುಟವನ್ನು ಚೀಟಿಯಲ್ಲಿ ಬರೆದು ಕಳಿಸುತ್ತಾರೆ, ಆ ಚೀಟಿಯೇ ಎಂಆರ್‌ಎನ್‌ಎ. ಚೀಟಿ ನೋಡಿ ಬೇಯಿಸುವ ಭಟ್ಟರು ರೈಬೋಸೋಮ್. ತಟ್ಟೆಗೆ ಬಂದ ಇಡ್ಲಿ ಪ್ರೋಟೀನ್.

ಈಗ ಆಸ್ಪತ್ರೆಯಿಂದ ಫೋನ್ ಬಂತು ಅಂದುಕೊಳ್ಳಿ. ಕೆಲವೇ ಸೆಕೆಂಡಿನಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅಡ್ರಿನಲಿನ್ ಜೀವಕೋಶದ ಬಾಗಿಲಲ್ಲೇ ನಿಂತು ಕೂಗುತ್ತದೆ, ಒಳಗೆ ಬರುವುದಿಲ್ಲ. ಅಷ್ಟರಲ್ಲಿ ಮೆದುಳಿನ ಹೈಪೋಥಲಾಮಸ್ ಅನ್ನೋ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಕಿಡ್ನಿಯ ಮೇಲೆ ಟೋಪಿ ತರ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನ್ ಹೊರಡುತ್ತದೆ. ರಕ್ತದಲ್ಲಿ ಅದು ಪೂರ್ತಿ ಏರಲು ಸುಮಾರು ಅರ್ಧ ಗಂಟೆ ಬೇಕು. ಕಾರ್ಟಿಸಾಲ್ ಆಗೋದು ಕೊಲೆಸ್ಟ್ರಾಲ್‌ನಿಂದ, ಕೊಬ್ಬಿನಲ್ಲಿ ಕರಗುವ ವಸ್ತು, ಹಾಗಾಗಿ ಜೀವಕೋಶದ ಪೊರೆ ದಾಟಿ ಸೀದಾ ಅಡುಗೆಮನೆಗೇ ಬರುತ್ತದೆ.

ಅಲ್ಲಿ ಅದಕ್ಕಾಗಿ ಎರಡು ತರದ ರಿಸೆಪ್ಟರ್, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್, ಕಾಯುತ್ತಿರುತ್ತವೆ. ಒಂದಕ್ಕೆ ಸ್ವಲ್ಪ ಕಾರ್ಟಿಸಾಲ್ ಸಾಕು, ಮಾಮೂಲಿ ದಿನದಲ್ಲೇ ಹೆಚ್ಚುಕಮ್ಮಿ ತುಂಬಿರುತ್ತದೆ. ಇನ್ನೊಂದು ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್, ಇದು ಕಾರ್ಟಿಸಾಲ್ ಜಾಸ್ತಿಯಾದಾಗ ಎಚ್ಚರಗೊಳ್ಳುತ್ತದೆ. ಕಾರ್ಟಿಸಾಲ್ ಬಂದು ಅಂಟಿಕೊಂಡ ಕೂಡಲೇ ಇದು ಒಳಕೋಣೆಗೆ ಹೋಗಿ, ಪುಸ್ತಕದ ಗೊತ್ತಾದ ಜಾಗಗಳಲ್ಲಿ ಕೂತು, ಈ ಪುಟದ ಚೀಟಿ ಜಾಸ್ತಿ ಬರೆಯಿರಿ, ಆ ಪುಟದ್ದು ಕಡಿಮೆ ಮಾಡಿ ಅಂತ ಆರ್ಡರ್ ಬದಲಿಸುತ್ತದೆ. ಹೀಗೆ ಬದಲಾಗುವುದು ನೂರಾರು ಜೀನ್‌ಗಳ, ಅಂದರೆ ಪುಸ್ತಕದ ನೂರಾರು ಪುಟಗಳ, ಆರ್ಡರ್. ಚೀಟಿ ಬರೆದು, ಬೇಯಿಸಿ ಬಡಿಸಲು ಹೊತ್ತು ಹಿಡಿಯುತ್ತದಲ್ವಾ? ಅದಕ್ಕೇ ಫೋನ್ ಇಟ್ಟು ಗಂಟೆಗಟ್ಟಲೆ ಆದ ಮೇಲೂ, ರಕ್ತದಲ್ಲಿ ಕಾರ್ಟಿಸಾಲ್ ಇಳಿದ ಮೇಲೂ, ಆ ಆರ್ಡರಿನ ಇಡ್ಲಿ ಅಡುಗೆಮನೆಯಲ್ಲಿ ಇದ್ದೇ ಇರುತ್ತದೆ.

ಆ ಹೊಸ ಚೀಟಿಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಎಫ್‌ಕೆಬಿಪಿ5 ಅನ್ನೋ ಜೀನ್‌ನದು. ಕಾರ್ಟಿಸಾಲ್ ಬಂದರೆ ಇದರ ಪ್ರೋಟೀನ್ ಹೆಚ್ಚುತ್ತದೆ, ಹೆಚ್ಚಿದ ಪ್ರೋಟೀನ್ ಹೋಗಿ ಅದೇ ರಿಸೆಪ್ಟರನ್ನು ಹಿಡಿದು, ಕಾರ್ಟಿಸಾಲ್ ಮೇಲಿನ ಅದರ ಹಿಡಿತವನ್ನು ಸಡಿಲ ಮಾಡುತ್ತದೆ. "ಸಾಕು, ನಿಲ್ಲಿಸು" ಅಂತ ಹೇಳೋರನ್ನು ಆರ್ಡರ್ ಕೊಟ್ಟವರೇ ನೇಮಿಸಿಕೊಂಡಂತೆ. ರೈಲು ತಪ್ಪಿದಂಥ ಸಣ್ಣ ಗಾಬರಿಗೆ ಇದು ಒಳ್ಳೆಯ ಏರ್ಪಾಡು. ಆದರೆ ರಿಸೆಪ್ಟರ್ ಮಂದವಾಗಿಯೇ ಉಳಿದರೆ ತೊಂದರೆ, ಏಕೆಂದರೆ ಕಾರ್ಟಿಸಾಲ್ ಸಾಕು ಅಂತ ಮೆದುಳಿಗೆ ತಿಳಿಯುವುದೂ ಇದೇ ರಿಸೆಪ್ಟರ್ ಮೂಲಕವೇ.

(ಪರದೆಯ ಮೇಲೆ: ಹಿಪೊಕ್ಯಾಂಪಸ್, ಅಮಿಗ್ಡಾಲ)

1968ರಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಮೆಕ್‌ಯೂವನ್ ತಂಡ, ಇಲಿಗಳಲ್ಲಿ ಕಾರ್ಟಿಸಾಲ್ ತರದ್ದೇ ಹಾರ್ಮೋನ್ ಹಿಪೊಕ್ಯಾಂಪಸ್‌ನಲ್ಲಿ ಹೋಗಿ ಸೇರುತ್ತದೆ ಅಂತ ತೋರಿಸಿತು. ಹಿಪೊಕ್ಯಾಂಪಸ್ ಅಂದರೆ ನೆನಪು ಕಟ್ಟುವ ಜಾಗ. ಇಲಿಗಳನ್ನು ಒತ್ತಡದಲ್ಲಿಟ್ಟರೆ ಅಲ್ಲಿ ಬಿಡಿಎನ್‌ಎಫ್ ಅನ್ನೋ ಪ್ರೋಟೀನಿನ ಚೀಟಿ ಕಡಿಮೆಯಾಗುತ್ತದೆ. ಅದು ನರಕೋಶಕ್ಕೆ ಗೊಬ್ಬರ ಇದ್ದ ಹಾಗೆ.

ನಮ್ಮ ಬೆಂಗಳೂರಿನ ಕೆಲಸ ಒಂದಿದೆ, ಅದನ್ನು ಹೇಳಲೇಬೇಕು. 2002ರಲ್ಲಿ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಸುಮಂತ್ರ ಚಟ್ಟರ್ಜಿ ಮತ್ತು ಜೊತೆಗಾರರು, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿ ನೋಡಿದರು. ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕೊಂಬೆಗಳು ಕುಗ್ಗಿದ್ದವು. ಭಯ ನೋಡಿಕೊಳ್ಳುವ ಅಮಿಗ್ಡಾಲದಲ್ಲಿ ಅದೇ ಕೊಂಬೆಗಳು ಬೆಳೆದಿದ್ದವು! 2004ರಲ್ಲಿ ಇನ್ನೊಂದು ವಿಷಯ ತಿಳಿಯಿತು: 21 ದಿನ ಆರಾಮವಾಗಿ ಬಿಟ್ಟರೆ ಹಿಪೊಕ್ಯಾಂಪಸ್ ಸುಧಾರಿಸುತ್ತದೆ, ಅಮಿಗ್ಡಾಲ ಮಾತ್ರ ಹಾಗೇ ಉಳಿಯುತ್ತದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೇ ಅಂತ ಹೇಳುವಂತಿಲ್ಲ. ಆದರೂ ಮಾವ ಮನೆಗೆ ಬಂದ ಮೇಲೂ ಫೋನಿಗೆ ಬೆಚ್ಚುವ ಅತ್ತೆಗೆ "ಈಗೇನು, ಎಲ್ಲ ಮುಗೀತಲ್ಲ" ಅನ್ನಲು ನನಗೆ ಬಾಯಿ ಬರಲಿಲ್ಲ.

ಸ್ಕ್ರಿಪ್ಟ್ ಓದಿ ಹೇಳಿದಾಗ ಅತ್ತೆ ಕೇಳಿದ್ದು ಬೇರೆಯದೇ: "ಸಂಧಿವಾತಕ್ಕೆ ಡಾಕ್ಟ್ರು ಕೊಟ್ಟ ಸ್ಟೀರಾಯ್ಡ್ ಮಾತ್ರೆನೂ ಇದೇ ಜಾತಿದೇನಪ್ಪಾ?" ಹೌದು, ಆ ಮಾತ್ರೆ ಪ್ರೆಡ್ನಿಸೊಲೋನ್, ಅದು ಅಂಟಿಕೊಳ್ಳುವುದೂ ಇದೇ ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರಿಗೆ, ಕೆಲವರಿಗೆ ಅದರಿಂದ ನಿದ್ದೆ ಕೆಡುತ್ತದೆ, ಮನಸ್ಸು ಕೆರಳುತ್ತದೆ. ಆದರೆ ವಾರಗಟ್ಟಲೆ ತೆಗೆದುಕೊಂಡಿದ್ದರೆ ನಿಮ್ಮ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಅದಕ್ಕೇ ದಯವಿಟ್ಟು ಈ ವಿಡಿಯೋ ನೋಡಿ ಮಾತ್ರೆ ಒಮ್ಮೆಲೇ ಬಿಡಬೇಡಿ, ಅದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರಿಗೆ ಹೇಳಿ, ಅವರು ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅತ್ತೆಯ ಅಪಾಯಿಂಟ್‌ಮೆಂಟ್ ಗುರುವಾರ ಇದೆ, ಜೊತೆಗೆ ನಾನೂ ಹೋಗುತ್ತಿದ್ದೇನೆ.